ಬೆಳಕು ಮುಗಿಸುವ ಕೆಲಸ

ಒಂದು ವಸ್ತುವನ್ನು ಮಾಡಿದವನು ಅದನ್ನು ಕೊಂಡವನಿಗೆ ಒಪ್ಪಿಸಿ ಹಣ ಎಣಿಸಿಕೊಂಡ ಮೇಲೆ ಅವನ ಜವಾಬ್ದಾರಿ ಮುಗಿಯಿತೇ? ವ್ಯವಹಾರದ ದೃಷ್ಟಿಯಿಂದ ಮುಗಿಯಿತು. ರಸೀದಿಯೂ ಹಾಗೆಯೇ ಹೇಳುತ್ತದೆ. ಆದರೆ ಮೇಜು, ಕುರ್ಚಿ, ಕಪಾಟುಗಳ ನಿಜವಾದ ಬಾಳು ಆರಂಭವಾಗುವುದೇ ಆ ರಸೀದಿಯ ನಂತರ. ಬಂದವರನ್ನು ಕೂರಿಸುವ, ಸಂಜೆಯ ಹೊತ್ತು ಮನೆಮಂದಿಯೆಲ್ಲ ಸೇರುವ ಪಡಸಾಲೆಯಲ್ಲಿ ಅವು ಮೂವತ್ತು ನಲವತ್ತು ವರ್ಷ ನಿಂತಿರಬೇಕು. ಅಷ್ಟರಲ್ಲಿ ಮಾಡಿದವನ ಹೆಸರು ಮರೆತುಹೋಗಿರುತ್ತದೆ. ಅವನ ಕೈಯ ಸರಿತಪ್ಪುಗಳು ಮಾತ್ರ ಉಳಿದಿರುತ್ತವೆ. ಈ ಪ್ರಶ್ನೆಯನ್ನು ಯಾವ ಮರವನ್ನು ಮುಂದಿಟ್ಟುಕೊಂಡಾದರೂ ಕೇಳಬಹುದು. ಆದರೂ ಅಮೆರಿಕದ ಚೆರ್ರಿ ಮರ ಅದನ್ನು ಕೇಳುವಷ್ಟು ಸ್ಪಷ್ಟವಾಗಿ ಬೇರೆ ಮರಗಳು ಕೇಳಲಾರವು.

ಚೆರ್ರಿ ಎಂದೊಡನೆ ನಮಗೆ ನೆನಪಾಗುವುದು ಕೇಕಿನ ಮೇಲಿನ ಕೆಂಪು ಹಣ್ಣು. ನಮ್ಮ ಬೇಕರಿಗಳಲ್ಲಿ ಸಿಗುವ ಆ ಹಣ್ಣು ಎಷ್ಟೋ ಸಲ ಚೆರ್ರಿಯೇ ಅಲ್ಲ. ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ನೆನೆಸಿದ ಕವಳಿಕಾಯಿ. ಇದನ್ನು ವಿಷಯಾಂತರವೆಂದು ಬಗೆಯಬೇಡಿ. ಒಂದು ವಸ್ತು ಇನ್ನೊಂದರ ಹೆಸರಿನಲ್ಲಿ ನಡೆದುಕೊಳ್ಳುವ ಮಾತು ಮುಂದೆ ಮತ್ತೆ ಬರಲಿದೆ.

ಪೀಠೋಪಕರಣಕ್ಕೆ ಒದಗುವುದು ತೋಟದ ಸಿಹಿ ಚೆರ್ರಿಯಲ್ಲ, ಕಾಡಿನ ಕಪ್ಪು ಚೆರ್ರಿ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪ್ರೂನಸ್ ಸೆರೋಟಿನಾ. ಉತ್ತರ ಅಮೆರಿಕದ ಪೂರ್ವಭಾಗದಲ್ಲೆಲ್ಲ ಇದು ಬೆಳೆಯುತ್ತದಾದರೂ ಉತ್ತಮ ಹಲಗೆಗೆ ಹೆಸರಾಗಿರುವುದು ಪೆನ್ಸಿಲ್ವೇನಿಯಾ ರಾಜ್ಯದ ವಾಯವ್ಯಕ್ಕಿರುವ ಅಲೆಗೇನಿ ಪ್ರಸ್ಥಭೂಮಿ. ಅಲ್ಲಿನ ಚೆರ್ರಿ ಕಾಡಿಗೊಂದು ವಿಚಿತ್ರ ಹಿನ್ನೆಲೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಮೊದಲ ದಶಕಗಳಿಗೂ ನಡುವೆ ಆ ಪ್ರದೇಶದ ಹಳೆಯ ಕಾಡನ್ನು ಬಹುತೇಕ ನೆಲಸಮ ಮಾಡಲಾಯಿತು. ಮರದ ದಿಮ್ಮಿ, ಚರ್ಮ ಹದಮಾಡಲು ಹೆಮ್ಲಾಕ್ ತೊಗಟೆ, ರಾಸಾಯನಿಕ ತಯಾರಿಕೆಗೆ ಸಣ್ಣಪುಟ್ಟ ಸೌದೆ, ಹೀಗೆ ಏನನ್ನೂ ಬಿಡದೆ ಸಾಗಿಸಿದರು. ಉಳಿದ ಬರಡು ನೆಲದ ಬಹುಭಾಗ 1923ರಲ್ಲಿ ಸ್ಥಾಪನೆಯಾದ ಅಲೆಗೇನಿ ರಾಷ್ಟ್ರೀಯ ಅರಣ್ಯಕ್ಕೆ ಸೇರಿತು. ನೆರಳಿನಲ್ಲಿ ಬೆಳೆಯಲಾರದ ಚೆರ್ರಿ ಸಸಿಗಳಿಗೆ ಆ ಬಯಲಿನ ಬಿಸಿಲೇ ವರವಾಯಿತು. ಇಂದು ಬಡಗಿಗಳು ಹೊಗಳುವ ಹಲಗೆಗಳಲ್ಲಿ ಎಷ್ಟೋ ಆ ಸಸಿಗಳಿಂದ ಬಂದವು. ಇದನ್ನು ದುರಾಸೆಯ ಸಮರ್ಥನೆ ಎಂದು ಯಾರೂ ಓದಬಾರದು. ಮೊದಲಿದ್ದ ಹೆಮ್ಲಾಕ್ ಕಾಡು ಮೊದಲಿನಂತೆ ಮರಳಿ ಬರಲೇ ಇಲ್ಲ. ಒಳ್ಳೆಯ ವಸ್ತುವಿನ ಮೂಲದಲ್ಲಿ ಎಲ್ಲವೂ ಒಳ್ಳೆಯದೇ ಇರುತ್ತದೆಂದು ಭಾವಿಸಬಾರದೆಂಬುದಕ್ಕಷ್ಟೇ ಈ ಮಾತು.

ಈಗ ಮರದ ಸ್ವಭಾವಕ್ಕೆ ಬರೋಣ. ಆಗತಾನೇ ಕೀಸುಳಿ ಹಿಡಿದ ಚೆರ್ರಿ ಹಲಗೆ ನಸುಗೆಂಪಿನ, ಪೇಲವವೆನ್ನಬಹುದಾದ ಬಣ್ಣದ್ದು. ಚೆರ್ರಿಯ ಹೆಸರು ಕೇಳಿ ಆಸೆಯಿಂದ ಬಂದವರಿಗೆ ಅದು ನಿರಾಸೆಯನ್ನೇ ತರುತ್ತದೆ. ಅವರು ಚಿತ್ರಗಳಲ್ಲಿ ಕಂಡ ಗಾಢವಾದ ಕೆಂಗಂದು ಬಣ್ಣ ಅಲ್ಲಿರುವುದಿಲ್ಲ, ಏಕೆಂದರೆ ಆ ಬಣ್ಣವನ್ನು ಕೊಡುವವನು ಬಡಗಿಯಲ್ಲ. ಬೆಳಕು ಮತ್ತು ಗಾಳಿ ತಾಗುತ್ತ ತಾಗುತ್ತ ಮರವೇ ಅದನ್ನು ತಂದುಕೊಳ್ಳುತ್ತದೆ. ಮೊದಲ ಕೆಲವು ವಾರಗಳಲ್ಲೇ ಬದಲಾವಣೆ ಕಣ್ಣಿಗೆ ಕಾಣುತ್ತದೆ; ತಿಂಗಳುಗಳು ಕಳೆದಂತೆ ಬಣ್ಣ ಆಳವಾಗುತ್ತದೆ; ವರ್ಷಗಳ ಮೇಲೆ ನೋಡಿದರೆ ಇದು ಅದೇ ಮೇಜೇ ಎಂಬ ಸಂಶಯ ಬರುವಷ್ಟು ಬೇರೆಯಾಗಿರುತ್ತದೆ. ನಮ್ಮ ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಹಲಸಿನ ಮರವೂ ಕೊಯ್ದಾಗ ಅರಿಸಿನದಂತೆ ಹಳದಿಯಾಗಿದ್ದು ಕಾಲಕ್ರಮೇಣ ಕಂದುಬಣ್ಣಕ್ಕೆ ತಿರುಗುತ್ತದೆ.

ಆದ್ದರಿಂದ ಚೆರ್ರಿಯಲ್ಲಿ ಕೆಲಸ ಮಾಡುವವನು ಒಂದರ್ಥದಲ್ಲಿ ಮುಗಿಯದ ವಸ್ತುವನ್ನೇ ಮಾರುತ್ತಾನೆ. ಕೊನೆಯ ಕೆಲಸಗಾರ ಕೊಂಡವರ ಮನೆಯ ಕಿಟಕಿಯ ಬೆಳಕು. ಇಲ್ಲಿಯೇ ಅವನ ಮುಂದೊಂದು ಪರೀಕ್ಷೆ ನಿಲ್ಲುತ್ತದೆ. ಗಿರಾಕಿಗೆ ಬಣ್ಣ ಇಂದೇ ಬೇಕು. ಮೇಲೊಂದು ಕೆಂಪು ಬಣ್ಣದ ನೀರನ್ನು ಬಳಿದರೆ ಇಪ್ಪತ್ತು ವರ್ಷದ ಮೇಜಿನಂತೆ ಅದು ಅಂದೇ ಕಾಣುತ್ತದೆ. ಚೆರ್ರಿ ಇಂಥ ಬಣ್ಣವನ್ನು ಸಮನಾಗಿ ಹೀರದೆ ಅಲ್ಲಲ್ಲಿ ಕಲೆಗಟ್ಟುತ್ತದೆ. ಅದನ್ನು ಮರೆಸುವ ಉಪಾಯಗಳೂ ಇವೆ. ಆದರೆ ಆ ಬಣ್ಣದ ಕೆಳಗೆ ಮರ ತನ್ನ ಪಾಡಿಗೆ ತಾನು ಕಪ್ಪಾಗುತ್ತಲೇ ಹೋಗುತ್ತದೆ. ಹತ್ತು ವರ್ಷಗಳ ಮೇಲೆ ಎರಡೂ ಸೇರಿ, ಬಳಿದವನೂ ಬಯಸದ ಮಬ್ಬು ಬಣ್ಣವೊಂದು ಉಳಿಯುತ್ತದೆ.

ಹಾಗಾದರೆ ಬಣ್ಣ ಬಳಿಯುವುದೇ ಸುಳ್ಳೇ? ಹಾಗೆ ಹೇಳುವವರು ಅವಸರದ ತೀರ್ಪು ಕೊಡುತ್ತಾರೆಂದು ನನ್ನ ಭಾವನೆ. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಕನೆಕ್ಟಿಕಟ್ ಸೀಮೆಯ ಬಡಗಿಗಳು ಚೆರ್ರಿಯನ್ನು ಬಹಳವಾಗಿ ಬಳಸಿದರು. ದೂರದೇಶದಿಂದ ಬರುತ್ತಿದ್ದ ದುಬಾರಿ ಮಹಾಗನಿಯಂತೆ ಕಾಣಲೆಂದು ಅದಕ್ಕೆ ಬಣ್ಣ ಕೊಟ್ಟವರೂ ಇದ್ದರು. ಕೊಂಡವನಿಗೆ ಅದು ಚೆರ್ರಿಯೆಂದು ತಿಳಿದಿದ್ದರೆ ಅಲ್ಲಿ ಮೋಸವಿಲ್ಲ. ಇಂದು ನಮ್ಮ ನಗರಗಳಲ್ಲಿ ಪ್ಲೈವುಡ್‌ನ ಮೇಲೆ ಅಂಟಿಸುವ ಹಾಳೆಗಳಿಗೆ ಚೆರ್ರಿ, ವಾಲ್‌ನಟ್ ಎಂಬ ಹೆಸರುಗಳಿರುತ್ತವೆ. ಅದು ಮರದ ಚಿತ್ರವೆಂಬುದು ಎಲ್ಲರಿಗೂ ಗೊತ್ತು. ಎರಡು ಕೋಣೆಯ ಮನೆಯಲ್ಲಿ ಮಕ್ಕಳ ಶಾಲೆಯ ಶುಲ್ಕ ಕಟ್ಟಿ ಉಳಿದ ಹಣದಲ್ಲಿ ಟೀಪಾಯಿಯೊಂದನ್ನು ಕೊಳ್ಳುವ ಕುಟುಂಬವನ್ನು ಅದಕ್ಕಾಗಿ ಹಂಗಿಸುವುದು ಅವಿವೇಕ. ಸುಳ್ಳು ಹುಟ್ಟುವುದು ಬಣ್ಣದಲ್ಲಲ್ಲ; ಬಣ್ಣವನ್ನು ತೋರಿಸಿ ಆಡುವ ಮಾತಿನಲ್ಲಿ, ಅಥವಾ ಆಡದೆ ಉಳಿಸಿಕೊಳ್ಳುವ ಮಾತಿನಲ್ಲಿ.

ಷೇಕರ್ ಎಂದು ಹೆಸರಾದ ಕ್ರೈಸ್ತ ಸಮುದಾಯದವರ ನಡವಳಿಕೆ ಇಲ್ಲಿ ಗಮನಾರ್ಹ. ಆನ್ ಲೀ ಎಂಬ ಮಹಿಳೆ 1774ರಲ್ಲಿ ಕೆಲವೇ ಅನುಯಾಯಿಗಳೊಂದಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಿಂದ ನ್ಯೂಯಾರ್ಕಿಗೆ ಬಂದಳು. ಅವರಲ್ಲಿ ವಿವಾಹವಿರಲಿಲ್ಲ, ಸ್ವಂತ ಆಸ್ತಿಯಿರಲಿಲ್ಲ. ಅವರ ಬೋಧನೆಗಳಲ್ಲಿ ನಾವು ಒಪ್ಪಲಾಗದವು ಬಹಳಿವೆ. ಇಂದು ಮೇಯ್ನ್ ರಾಜ್ಯದ ಸಬ್ಬತ್‌ಡೇ ಲೇಕ್‌ನಲ್ಲಿ ಬೆರಳೆಣಿಕೆಯ ಮಂದಿ ಮಾತ್ರ ಉಳಿದಿದ್ದಾರೆ. ಆದರೆ ಅವರು ಮಾಡಿದ ಮೇಜು, ಕುರ್ಚಿ, ಕಪಾಟುಗಳು ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಚೆರ್ರಿ, ಮೇಪಲ್, ಪೈನ್ ಅವರ ಮೆಚ್ಚಿನ ಮರಗಳು. ಮೂರು ಕಾಲುಗಳ ಮೇಲೆ ಒಂದೇ ಕಂಬ, ಅದರ ಮೇಲೊಂದು ದುಂಡು ಹಲಗೆ, ಇಷ್ಟೇ ಇರುವ ಅವರ ದೀಪದ ಮೇಜುಗಳಲ್ಲಿ ಹಲವು ಚೆರ್ರಿಯವು. ಕೇವಲ ಅಂದಕ್ಕಾಗಿ ಅಂಚುಪಟ್ಟಿಗಳನ್ನು ಕೆತ್ತಬಾರದೆಂದು 1845ರಲ್ಲಿ ಪರಿಷ್ಕರಿಸಿದ ಅವರ ನಿಯಮಾವಳಿ ವಿಧಿಸಿತ್ತು. ಹಾಗೆಂದು ಅವರು ಬಣ್ಣವನ್ನು ದೂರವಿಟ್ಟವರಲ್ಲ. ಕೆಂಪು, ಹಳದಿ ಬಣ್ಣಗಳನ್ನು ತೆಳುವಾಗಿ ಬಳಿಯುತ್ತಿದ್ದರು. ಆದರೆ ಹಳದಿ ಬಳಿದ ಪೈನ್ ಹಲಗೆ ಹಳದಿ ಬಳಿದ ಪೈನ್ ಹಲಗೆಯಂತೆಯೇ ಕಾಣುತ್ತಿತ್ತು. ಯಂತ್ರಗಳನ್ನೂ ಅವರು ತಿರಸ್ಕರಿಸಲಿಲ್ಲ. ಹರಿಯುವ ನೀರಿನ ಬಲದಿಂದ ಗರಗಸಗಳನ್ನು ಓಡಿಸಿದರು. ಕೈಗೆಲಸವೆಂದರೆ ಯಂತ್ರದ ಮೇಲಿನ ಹಗೆತನವೆಂದು ತಿಳಿದಿರುವ ನಮ್ಮ ಕಾಲದ ಕೆಲವರು ಇದನ್ನು ನೆನಪಿಡಬೇಕು.

ಬಣ್ಣದ ಮಾತು ಕಣ್ಣಿಗೆ ಕಾಣುವಂಥದ್ದು. ಮಾರುವ ದಿನ ಯಾರ ಕಣ್ಣಿಗೂ ಬೀಳದ ಎರಡು ಸಂಗತಿಗಳಲ್ಲಿ ಬಡಗಿಯ ಪ್ರಾಮಾಣಿಕತೆ ಹೆಚ್ಚು ಕಠಿಣವಾಗಿ ಪರೀಕ್ಷೆಗೊಳಗಾಗುತ್ತದೆ.

ಮೊದಲನೆಯದು ಹೊರಸುತ್ತಿನ ಬಿಳಿಮರ. ಚೆರ್ರಿಯ ಒಳಗಿನ ಚೇಗು ಮಾತ್ರ ಕೆಂಪಾಗುತ್ತದೆ. ತೊಗಟೆಗೆ ಹತ್ತಿರದ ಭಾಗ ಬಿಳಿಚಿಕೊಂಡೇ ಇರುತ್ತದೆ. ಹೊಸ ಮೇಜಿನಲ್ಲಿ ಇವೆರಡರ ಅಂತರ ಅಷ್ಟಾಗಿ ತೋರುವುದಿಲ್ಲ. ಬಿಳಿಭಾಗವನ್ನು ಕೊಯ್ದೆಸೆದರೆ ದುಬಾರಿ ಹಲಗೆ ವ್ಯರ್ಥವಾಗುತ್ತದೆ. ಬಿಟ್ಟರೆ ಗಿರಾಕಿಗೆ ಅಂದು ತಿಳಿಯುವುದಿಲ್ಲ. ಐದಾರು ವರ್ಷಗಳಲ್ಲಿ ಕೆಂಪು ಮೇಜಿನ ನಡುವೆ ಬಿಳಿಯ ಪಟ್ಟೆಯೊಂದು ಎದ್ದು ಕಾಣತೊಡಗುತ್ತದೆ. ಅಷ್ಟು ಹೊತ್ತಿಗೆ ದೂರಲು ಯಾರಿರುತ್ತಾರೆ? ಒಳ್ಳೆಯ ಬಡಗಿ ಬಿಳಿಭಾಗವನ್ನು ತೆಗೆದುಹಾಕುತ್ತಾನೆ, ಇಲ್ಲವೇ ಅದು ಹೀಗೆಯೇ ಉಳಿಯುವುದೆಂದು ತಿಳಿಸಿ ಒಪ್ಪಿಗೆ ಪಡೆಯುತ್ತಾನೆ. ಒಂದೇ ಮೇಜಿಗೆ ಸಾಧ್ಯವಾದಷ್ಟು ಒಂದೇ ಮರದ ಹಲಗೆಗಳನ್ನು ಹುಡುಕುವುದೂ ಇದೇ ಕಾರಣಕ್ಕೆ. ಬೇರೆ ಬೇರೆ ಮರದವು ಇಂದು ಒಂದೇ ರೀತಿ ಕಂಡರೂ ಮುಂದೆ ಒಂದೇ ರೀತಿ ಕೆಂಪಾಗುತ್ತವೆಂಬ ಭರವಸೆಯಿಲ್ಲ.

ಎರಡನೆಯದು ಮೇಜಿನ ಅಡಿಭಾಗ. ಮರ ಕಡಿದ ಮೇಲೂ ಉಸಿರಾಡುತ್ತದೆಂದು ಬಡಗಿಗಳು ಹೇಳುವುದುಂಟು. ಇದು ಬರಿಯ ಅಲಂಕಾರದ ಮಾತಲ್ಲ. ಗಾಳಿಯ ತೇವವನ್ನು ಹೀರಿ ಮರ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ; ಉದ್ದಕ್ಕೆ ಗಣನೆಗೆ ಬಾರದಷ್ಟು, ಅಗಲಕ್ಕೆ ಮಾತ್ರ ಸಾಕಷ್ಟು. ಒಂದು ಮೀಟರ್ ಅಗಲದ ಚೆರ್ರಿ ಹಲಗೆಯ ತೇವಾಂಶ ಶೇಕಡಾ 4ರಷ್ಟು ಬದಲಾದರೆ, ಅದನ್ನು ಕೊಯ್ದ ರೀತಿಯನ್ನು ಅವಲಂಬಿಸಿ, ಅಗಲದಲ್ಲಿ ಸುಮಾರು 10 ಮಿಲಿಮೀಟರ್‌ವರೆಗೆ ವ್ಯತ್ಯಾಸವಾಗಬಹುದು. ಸೆಕೆಯ ಬೇಸಿಗೆಯೂ, ಮನೆಯೊಳಗೆ ಬೆಂಕಿ ಕಾಯಿಸಿ ಗಾಳಿಯನ್ನು ಒಣಗಿಸುವ ಚಳಿಗಾಲವೂ ಇರುವ ಆ ದೇಶದಲ್ಲಿ ಇದು ಪ್ರತಿವರ್ಷದ ಮಾತು. ಮೇಲಿನ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ, ಸ್ಕ್ರೂ ಬಿಗಿದು ಅಲ್ಲಾಡದಂತೆ ಕೂರಿಸಿದರೆ ಅಂದು ಬಹಳ ಭದ್ರವಾಗಿ ಕಾಣುತ್ತದೆ. ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಹಲಗೆ ಸೀಳುತ್ತದೆ. ಬಲ್ಲವನು ಚೌಕಟ್ಟಿನ ಒಳಬದಿಯಲ್ಲಿ ಗಾಡಿ ಕೊರೆದು, ಮರದ ಪುಟ್ಟ ತುಂಡುಗಳನ್ನು ಹಲಗೆಗೆ ಬಿಗಿದು, ಅವುಗಳ ನಾಲಗೆ ಆ ಗಾಡಿಯಲ್ಲಿ ಸರಿದಾಡುವಂತೆ ಬಿಡುತ್ತಾನೆ. ಹಲಗೆ ಮೇಲೇಳದು, ಆದರೆ ಅಗಲಕ್ಕೆ ಹಿಗ್ಗಿ ಕುಗ್ಗಲು ಅದಕ್ಕೆ ಸ್ವಾತಂತ್ರ್ಯವಿರುತ್ತದೆ. ಈ ತುಂಡುಗಳನ್ನು ಮಾಡಲು ಅರ್ಧ ದಿನ ಹೋಗುತ್ತದೆ. ನೆಲದ ಮೇಲೆ ಅಂಗಾತ ಮಲಗಿ ನೋಡದ ಹೊರತು ಯಾರಿಗೂ ಅವು ಕಾಣುವುದಿಲ್ಲ. ನನ್ನ ಮಟ್ಟಿಗೆ, ಕೈಯಿಂದ ಮಾಡಿದ ಮೇಜಿಗೆ ಕೊಡುವ ಹೆಚ್ಚಿನ ಬೆಲೆ ಇರುವುದು ಆ ಅರ್ಧ ದಿನಕ್ಕೆ.

ಮುಚ್ಚಿಡದಿರುವುದಕ್ಕೆ ಇನ್ನೊಂದು ಬಗೆಯೂ ಇದೆ. ಜಪಾನೀ ತಂದೆತಾಯಿಗಳಿಗೆ ಅಮೆರಿಕದಲ್ಲಿ 1905ರಲ್ಲಿ ಹುಟ್ಟಿದ ಜಾರ್ಜ್ ನಾಕಾಶಿಮಾ ನಮ್ಮ ದೇಶಕ್ಕೂ ಸಂಬಂಧಪಟ್ಟವರು. ಮೊದಲು ವಾಸ್ತುಶಿಲ್ಪಿಯಾಗಿದ್ದ ಅವರು 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ವಸತಿಗೃಹದ ನಿರ್ಮಾಣದಲ್ಲಿ ದುಡಿದರು. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪೀಠೋಪಕರಣಗಳನ್ನು ರೂಪಿಸಿದರು. ಇವೆರಡರ ನಡುವೆ, 1942ರಲ್ಲಿ, ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ ಹೆಂಡತಿ ಹಾಗೂ ಎಳೆಯ ಮಗಳೊಂದಿಗೆ ಅವರನ್ನು ಐಡಹೊ ರಾಜ್ಯದ ಮಿನಿಡೋಕ ಶಿಬಿರದಲ್ಲಿ ಕೂಡಿಹಾಕಲಾಯಿತು. ಜಪಾನೀ ಪರಂಪರೆಯ ಬಡಗಿತನವನ್ನು ಅವರು ಆಳವಾಗಿ ಕಲಿತದ್ದು ಅಲ್ಲಿಯೇ, ಜೊತೆಗಿದ್ದ ಬಡಗಿಯೊಬ್ಬರಿಂದ. ಅವರು ಹೆಚ್ಚಾಗಿ ಹಿಡಿದದ್ದು ವಾಲ್‌ನಟ್ ಮರವನ್ನಾದರೂ ಚೆರ್ರಿಯನ್ನೂ ಬಳಸಿದರು. ಹಲಗೆಯಲ್ಲಿ ಬಿರುಕಿದ್ದರೆ ಅವರು ಅದನ್ನು ಮೇಣ ತುಂಬಿ ಮರೆಮಾಡುತ್ತಿರಲಿಲ್ಲ. ಚಿಟ್ಟೆಯ ಆಕಾರದ ಮರದ ತುಂಡನ್ನು ಅಡ್ಡಲಾಗಿ ಕೂರಿಸಿ, ಬಿರುಕು ಮುಂದುವರಿಯದಂತೆ ತಡೆದು, ಎರಡನ್ನೂ ಕಾಣುವಂತೆಯೇ ಬಿಡುತ್ತಿದ್ದರು. ಚೆರ್ರಿಯಲ್ಲಿ ಸಾಮಾನ್ಯವಾದ ಕಪ್ಪು ಅಂಟಿನ ಚುಕ್ಕೆಗಳನ್ನು ಇಂದು ಹಲವು ಬಡಗಿಗಳು ಹಾಗೆಯೇ ಉಳಿಸಿಕೊಳ್ಳುತ್ತಾರೆ. ಇದರಲ್ಲೂ ಅತಿರೇಕ ಸಾಧ್ಯ. ಕೆಲಸದ ಅಸಡ್ಡೆಯನ್ನು ಮರದ ಸಹಜ ಸೌಂದರ್ಯವೆಂದು ಕರೆದು ಮಾರುವವರೂ ಇಲ್ಲದಿಲ್ಲ.

ಬೆಲೆಯ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಕೈಯಿಂದ ಮಾಡಿದ ಚೆರ್ರಿ ಪೀಠೋಪಕರಣ ಅಮೆರಿಕದಲ್ಲಿಯೂ ಎಲ್ಲರ ಕೈಗೆಟುಕುವುದಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡೇವಿಡ್ ಪೈ 1968ರ ತಮ್ಮ ಪುಸ್ತಕವೊಂದರಲ್ಲಿ, ಕೈಗೆಲಸ ಮತ್ತು ಯಂತ್ರದ ಕೆಲಸ ಎಂಬ ವಿಭಜನೆಯೇ ಗೊಂದಲದ್ದೆಂದು ವಾದಿಸಿದರು. ಅವರ ಪ್ರಕಾರ ನಿಜವಾದ ಭೇದವಿರುವುದು ಫಲ ಮೊದಲೇ ನಿಶ್ಚಿತವಾಗಿರುವ ಕೆಲಸಕ್ಕೂ, ಕೊನೆಯ ಗಳಿಗೆಯವರೆಗೆ ಕೆಡುವ ಅಪಾಯವಿರುವ ಕೆಲಸಕ್ಕೂ ನಡುವೆ. ಈ ಮಾತು ನನಗೆ ಸರಿಯೆನಿಸುತ್ತದೆ. ಆದರೆ ಆ ಅಪಾಯದ ಹೊರೆಯನ್ನು ಹೊರುವವರು ಯಾರು? ಉಳಿ ಒಂದು ಕೂದಲೆಳೆಯಷ್ಟು ಜಾರಿದರೆ ಹಾಳಾಗುವುದು ಬಡಗಿಯ ಹಲಗೆ, ಬಡಗಿಯ ದಿನ. ಬೆಲೆ ಚೌಕಾಶಿ ಮಾಡುವಾಗ ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದು ಮರ ಮತ್ತು ಗಂಟೆಗಳನ್ನು, ಕೆಟ್ಟುಹೋಗಬಹುದಾಗಿದ್ದ ದಿನಗಳನ್ನಲ್ಲ. ಅಂಥ ಮೇಜನ್ನು ಕೊಳ್ಳಲಾರದವರು ತಪ್ಪಿತಸ್ಥರಲ್ಲ. ಕೊಳ್ಳಬಲ್ಲವರು ಮಾತ್ರ ಕೂಲಿಯನ್ನು ಹಿಂಡಿ ಅಗ್ಗಕ್ಕೆ ಪಡೆದರೆ, ಮೇಜಿನ ಅಡಿಯ ಆ ಅರ್ಧ ದಿನವನ್ನು ಅವರೇ ಕಿತ್ತುಕೊಂಡಂತೆ.

ಇಷ್ಟೆಲ್ಲ ಆದ ಮೇಲೆ ಮೇಜು ಮನೆಗೆ ಬರುತ್ತದೆ. ಮೊದಲ ಆರು ತಿಂಗಳು ಅದರ ಮೇಲೆ ದೀಪವನ್ನಾಗಲಿ ಪುಸ್ತಕಗಳನ್ನಾಗಲಿ ಒಂದೇ ಜಾಗದಲ್ಲಿ ಇಡಬಾರದೆಂದು ಬಡಗಿಗಳು ಎಚ್ಚರಿಸುತ್ತಾರೆ. ಇಟ್ಟರೆ ಅವುಗಳ ಅಡಿಯಲ್ಲಿ ಪೇಲವವಾದ ಗುರುತು ಉಳಿಯುತ್ತದೆ. ನಡುವೆ ಹೆಚ್ಚುವರಿ ಹಲಗೆ ಸೇರಿಸಿ ದೊಡ್ಡದು ಮಾಡುವ ಮೇಜುಗಳಲ್ಲಿ ಇದು ಇನ್ನಷ್ಟು ಸ್ಪಷ್ಟ. ವರ್ಷವಿಡೀ ಕಪಾಟಿನ ಕತ್ತಲಲ್ಲಿದ್ದ ಆ ಹಲಗೆಯನ್ನು ಕ್ರಿಸ್ಮಸ್ಸಿಗೆ ನೆಂಟರು ಬಂದಾಗ ಹೊರತೆಗೆದು ಜೋಡಿಸಿದರೆ, ಎರಡೂ ಬದಿ ಕೆಂಪಾಗಿ ನಡುವೆ ಹೊಸ ಮರದ ಬಣ್ಣ ಎದ್ದು ಕಾಣುತ್ತದೆ. ಅದಕ್ಕೆ ಬಣ್ಣ ಬಳಿಯುವ ಅಗತ್ಯವಿಲ್ಲ. ಹಬ್ಬ ಮುಗಿದ ಮೇಲೆ ಮತ್ತೆ ಕತ್ತಲಿಗೆ ಸೇರಿಸದೆ ಕೆಲವು ತಿಂಗಳು ಕಿಟಕಿಯ ಬಳಿ ಗೋಡೆಗೆ ಒರಗಿಸಿಟ್ಟು, ಆಗಾಗ ಮಗ್ಗುಲು ತಿರುಗಿಸುತ್ತಿದ್ದರೆ ಸಾಕು.