ಕೇಳಿದರೂ ಬಾಯಿ ಬಿಡದ ಕೋರ್ಟು

1793ರಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ಹತ್ತಿಕೊಂಡಾಗ ಅಮೆರಿಕದ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಇಕ್ಕಟ್ಟಿಗೆ ಸಿಕ್ಕಿಕೊಂಡರು. ಫ್ರಾನ್ಸಿನ ಜೊತೆ ಹಳೆಯ ಒಪ್ಪಂದವಿತ್ತು, ಯುದ್ಧಕ್ಕಿಳಿಯುವ ಮನಸ್ಸಿರಲಿಲ್ಲ. ಆ ಒಪ್ಪಂದ ತಮ್ಮನ್ನು ಎಷ್ಟರಮಟ್ಟಿಗೆ ಕಟ್ಟಿಹಾಕುತ್ತದೆ ಎಂದು ತಿಳಿಯಲು ಅವರ ಸಂಪುಟ 29 ಪ್ರಶ್ನೆಗಳ ಪಟ್ಟಿ ಮಾಡಿತು. ಇಂಥವಕ್ಕೆ ಉತ್ತರ ಕೊಡುವಿರಾ ಎಂದು ವಿದೇಶಾಂಗ ಕಾರ್ಯದರ್ಶಿ ಥಾಮಸ್ ಜೆಫರ್ಸನ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ಬರೆದರು. ಮುಖ್ಯ ನ್ಯಾಯಮೂರ್ತಿ ಜಾನ್ ಜೇ ಮತ್ತು ಸಂಗಡಿಗರು ಆಗಸ್ಟಿನಲ್ಲಿ ಬಹಳ ವಿನಯದಿಂದ ಆಗದು ಎಂದರು. ಸಲಹೆ ಬೇಕಿದ್ದರೆ ನಿಮ್ಮ ಇಲಾಖೆಗಳ ಮುಖ್ಯಸ್ಥರಿದ್ದಾರಲ್ಲ!

ಅಮೆರಿಕದ ಫೆಡರಲ್ ನ್ಯಾಯಾಂಗದ ಸ್ವಭಾವ ಅಂದೇ ಗೊತ್ತಾಯಿತು. ಕೋರ್ಟು ಬಾಯಿ ಬಿಡಬೇಕಾದರೆ ಎದುರಿಗೆ ನಿಜವಾದ ಜಗಳವಿರಬೇಕು, ನೊಂದವನೊಬ್ಬ ಬಂದು ನಿಂತಿರಬೇಕು. ಶಾಸನವನ್ನೇ ರದ್ದು ಮಾಡುವ ಅಧಿಕಾರವನ್ನು ಕೋರ್ಟು 1803ರಲ್ಲಿ ಸಾರಿದ್ದು ಕೂಡ, ತನ್ನ ಕೈಸೇರದ ನೇಮಕಾತಿ ಪತ್ರಕ್ಕಾಗಿ ವಿಲಿಯಂ ಮಾರ್ಬರಿ ಎಂಬಾತ ಹೂಡಿದ ದಾವೆಯಲ್ಲಿ.

ಅಲ್ಲಿನ ವ್ಯವಸ್ಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಮ್ಮಲ್ಲಿ ಕೇಂದ್ರದ ಕಾನೂನಾಗಲಿ ರಾಜ್ಯದ್ದಾಗಲಿ, ಏಣಿ ಒಂದೇ: ತಾಲೂಕಿನ ಕೋರ್ಟಿನಿಂದ ಹೈಕೋರ್ಟಿಗೆ, ಅಲ್ಲಿಂದ ದೆಹಲಿಗೆ. ಅಮೆರಿಕದಲ್ಲಿ ಏಣಿ ಎರಡು. ವಿಚ್ಛೇದನ, ಜಮೀನಿನ ತಕರಾರು, ಬಹುಪಾಲು ಕೊಲೆ ಮೊಕದ್ದಮೆಗಳು ಆಯಾ ರಾಜ್ಯದ ಕೋರ್ಟುಗಳಲ್ಲೇ ಮುಗಿಯುತ್ತವೆ. ಸಂವಿಧಾನದ ಅಥವಾ ಫೆಡರಲ್ ಕಾನೂನಿನ ಪ್ರಶ್ನೆ, ಬೇರೆ ಬೇರೆ ರಾಜ್ಯದವರ ನಡುವಿನ 75,000 ಡಾಲರ್ ಮೀರಿದ ವ್ಯಾಜ್ಯ, ಇಂಥವು 94 ಫೆಡರಲ್ ಜಿಲ್ಲಾ ಕೋರ್ಟುಗಳಿಗೆ ಬರುತ್ತವೆ. ಅವುಗಳ ಮೇಲೆ 13 ಮೇಲ್ಮನವಿ ಕೋರ್ಟುಗಳು, ತುದಿಯಲ್ಲಿ ಒಂಬತ್ತು ಮಂದಿಯ ಸುಪ್ರೀಂ ಕೋರ್ಟು. ಈ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಮ್ಮೆ ಕೂತರೆ ನಿವೃತ್ತಿಯ ವಯಸ್ಸೆಂಬುದಿಲ್ಲ, ಅವರ ಸಂಬಳ ಇಳಿಸುವಂತಿಲ್ಲ. ಇಷ್ಟು ವರ್ಷಗಳಲ್ಲಿ ಸೆನೆಟ್ ತಪ್ಪಿತಸ್ಥರೆಂದು ಕೆಳಗಿಳಿಸಿದ್ದು ಎಂಟೇ ಜನರನ್ನು.

ಜಾನ್ ಜೇ ಮಾಡಿದ್ದು ಸರಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಮತ ಕೇಳಲು ಬಾರದವರಿಗೆ, ಸುಲಭಕ್ಕೆ ಇಳಿಸಲಾಗದವರಿಗೆ ಇಷ್ಟು ಅಧಿಕಾರ ಕೊಟ್ಟ ಮೇಲೆ, ಯಾವುದರ ಬಗ್ಗೆ ಮಾತಾಡಬೇಕೆಂಬ ಆಯ್ಕೆಯನ್ನಾದರೂ ಅವರ ಕೈಯಿಂದ ತಪ್ಪಿಸಬೇಕು. (ಪೂರ್ತಿ ತಪ್ಪಿಸಿಲ್ಲ ಅನ್ನಿ. ವರ್ಷಕ್ಕೆ ಸಾವಿರಾರು ಅರ್ಜಿಗಳು ಬಂದರೂ ಸುಪ್ರೀಂ ಕೋರ್ಟು ವಾದ ಕೇಳುವುದು ನೂರರೊಳಗೆ. ಒಂಬತ್ತರಲ್ಲಿ ನಾಲ್ವರು ಮನಸ್ಸು ಮಾಡಿದರೆ ಮಾತ್ರ ಅರ್ಜಿ ಒಳಗೆ.) ಸಲಹೆ ಕೇಳುವವರು ಹೆಚ್ಚಾಗಿ ಕೇಳುವುದು ತಮ್ಮ ತಲೆನೋವನ್ನು ಇನ್ನೊಬ್ಬರ ತಲೆಗೆ ಕಟ್ಟಲು. ನಮ್ಮ ಸಂವಿಧಾನದ 143ನೇ ವಿಧಿ ಆ ದಾರಿಯನ್ನು ತೆರೆದಿಟ್ಟಿದೆ. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ವಿರುದ್ಧ ಕರ್ನಾಟಕ ಸುಗ್ರೀವಾಜ್ಞೆ ಹೊರಡಿಸಿದಾಗ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಸುಗ್ರೀವಾಜ್ಞೆ ಸಂವಿಧಾನಬಾಹಿರ ಎಂದು ಕೋರ್ಟು ಹೇಳಿತು. ಆದರೆ ಅಯೋಧ್ಯೆಯ ವಿವಾದಿತ ಜಾಗದಲ್ಲಿ ಮೊದಲು ಮಂದಿರವಿತ್ತೇ ಎಂದು ಕೇಳಿದ್ದಕ್ಕೆ, 1994ರಲ್ಲಿ ಅದೇ ಕೋರ್ಟು ಉತ್ತರ ಕೊಡಲು ಒಪ್ಪಲಿಲ್ಲ. ಅಲ್ಲಿಗೆ ನಮ್ಮವರಿಗೂ ಜಾನ್ ಜೇ ಅರ್ಥವಾದಂತಾಯಿತು.

ಆದರೆ ಮೌನವೇನು ಪುಕ್ಕಟೆಯಲ್ಲ. ವಿದೇಶಗಳಲ್ಲಿ ಅಮೆರಿಕ ಸರ್ಕಾರ ಹಣ ಹಾಕಿದ ಯೋಜನೆಗಳಿಂದ ಅಳಿವಿನಂಚಿನ ಪ್ರಾಣಿಗಳಿಗೆ ಕುತ್ತು ಎಂದು ವನ್ಯಜೀವಿ ಸಂಘಟನೆಯೊಂದು ದಾವೆ ಹೂಡಿತ್ತು. ಅದರ ಸದಸ್ಯೆಯೊಬ್ಬರು ಶ್ರೀಲಂಕಾಕ್ಕೆ ಹೋಗಿಬಂದವರು, ಆನೆ ನೋಡಲು ಮತ್ತೆ ಹೋಗುವೆನೆಂದರು. ಯಾವಾಗ ಎಂದರೆ ಅದು ಇನ್ನೂ ಗೊತ್ತಿರಲಿಲ್ಲ. ಎಂದಾದರೊಂದು ದಿನ ಹೋಗುವ ಆಸೆ ಸಾಲದು, ನಿಮಗೆ ತಟ್ಟಿದ ಹಾನಿ ಎಲ್ಲಿ ಎಂದು 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬಾಗಿಲು ಹಾಕಿತು. ಹಾಗಾದರೆ ವಿಮಾನದ ಟಿಕೆಟ್ ಕೊಂಡಿದ್ದರೆ ಆನೆಗೆ ನ್ಯಾಯ ಸಿಗುತ್ತಿತ್ತೇ? ಪತ್ರವನ್ನೇ ರಿಟ್ ಅರ್ಜಿಯೆಂದು ಸ್ವೀಕರಿಸಿದ ನಮ್ಮ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ (ಪಿಐಎಲ್) ಸಂಪ್ರದಾಯದ ಎದುರು ಇದು ಜಿಪುಣತನದಂತೆ ಕಾಣುತ್ತದೆ.

ಜಿಪುಣತನಕ್ಕಿಂತ ಕ್ರೂರವಾದ ಇನ್ನೊಂದು ಮುಖವಿದೆ. ಕೋರ್ಟು ಮಾತಾಡಬೇಕಾದರೆ ಯಾರಾದರೂ ಮೊದಲು ಪೆಟ್ಟು ತಿನ್ನಲೇಬೇಕು. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ರೈಲು ಡಬ್ಬಿ ಎಂಬ ಲೂಸಿಯಾನಾದ ಕಾನೂನನ್ನು ಪ್ರಶ್ನಿಸಲು ನ್ಯೂ ಆರ್ಲಿಯನ್ಸಿನ ನಾಗರಿಕ ಸಮಿತಿಯೊಂದು ಪೆಟ್ಟು ತಿನ್ನುವ ವ್ಯವಸ್ಥೆಯನ್ನು ತಾನೇ ಮಾಡಿತು. ಹೋಮರ್ ಪ್ಲೆಸ್ಸಿ ಚಪ್ಪಲಿ ಹೊಲಿಯುವವನು. ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರಲ್ಲಿ ಒಬ್ಬರು ಮಾತ್ರ ಆಫ್ರಿಕಾ ಮೂಲದವರು, ಆದರೂ ಕಾನೂನಿನ ಕಣ್ಣಿಗೆ ಕರಿಯ. 1892ರ ಜೂನ್ 7ರಂದು ಮೊದಲ ದರ್ಜೆಯ ಟಿಕೆಟ್ ಕೊಂಡು ಬಿಳಿಯರ ಡಬ್ಬಿಯಲ್ಲಿ ಕೂತ. ತಾನು ಯಾರೆಂದು ಕಂಡಕ್ಟರನಿಗೆ ಹೇಳಿ, ಏಳಲೊಲ್ಲೆ ಎಂದ. ಬಂಧಿಸಿದ ಖಾಸಗಿ ಪತ್ತೇದಾರನನ್ನು ಗೊತ್ತುಮಾಡಿದ್ದು ಸಮಿತಿಯೇ. ಬೇರೆ ಯಾವುದೋ ಕಾನೂನಿನಡಿ ಕೇಸು ದಾಖಲಾದರೆ ಪಟ್ಟ ಪಾಡೆಲ್ಲ ವ್ಯರ್ಥವಾಗುತ್ತಿತ್ತು.

ಕೇಸು ಲೂಸಿಯಾನಾದ ಕೋರ್ಟುಗಳನ್ನು ಹತ್ತಿ ಸುಪ್ರೀಂ ಕೋರ್ಟಿಗೆ ಹೋಯಿತು. 1896ರಲ್ಲಿ ಏಳು ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಇನ್ನೊಂದು ಕಡೆ, ಪ್ಲೆಸ್ಸಿ ಸೋತ. ‘ಬೇರೆಯಾದರೂ ಸಮಾನ’ ಎಂಬ ಆ ತೀರ್ಪಿನ ತತ್ವವನ್ನು ಶಾಲೆಗಳ ವಿಷಯದಲ್ಲಿ ತಳ್ಳಿಹಾಕಲು 1954ರವರೆಗೆ ಕಾಯಬೇಕಾಯಿತು, ಅದಕ್ಕೂ ಬೇರೆ ಮಕ್ಕಳು, ಬೇರೆ ತಂದೆತಾಯಿಗಳು ಕಟಕಟೆ ಹತ್ತಬೇಕಾಯಿತು. ಜನ ಕೇಳದ ಹೊರತು ನ್ಯಾಯಮೂರ್ತಿ ಮಾತಾಡಬಾರದು ಎಂಬ ನಿಯಮವನ್ನು ನಾನು ಈಗಲೂ ಒಪ್ಪುತ್ತೇನೆ. ಅದರ ಖರ್ಚು ನ್ಯಾಯಮೂರ್ತಿಯ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ಪ್ಲೆಸ್ಸಿ 1897ರಲ್ಲಿ ತಪ್ಪೊಪ್ಪಿಕೊಂಡು 25 ಡಾಲರ್ ದಂಡ ಕಟ್ಟಿದ, 1925ರಲ್ಲಿ ತೀರಿಕೊಂಡ. ಲೂಸಿಯಾನಾದ ಗವರ್ನರ್ ಅವನಿಗೆ ಕ್ಷಮಾದಾನ ನೀಡಿದ್ದು 2022ರ ಜನವರಿಯಲ್ಲಿ.