ಕೇಳದವರ ಪಾಲು

ಕೆಲವು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ವಿಶ್ವವಿದ್ಯಾನಿಲಯದಲ್ಲಿ ಪ್ರತಿಯೊಬ್ಬ ಅಧ್ಯಾಪಕನಿಗೂ 20 ವಿದ್ಯಾರ್ಥಿಗಳನ್ನು ಹಂಚಿದರು. ನಾವು ಅವರಿಗೆ ‘ಮೆಂಟರ್’. ಸೆಮಿಸ್ಟರಿಗೊಮ್ಮೆ ಅವರಿಂದ ಒಂದು ನಮೂನೆ ತುಂಬಿಸಿ, ಕೆಳಗೆ ರುಜು ಹಾಕಿ ಕಚೇರಿಗೆ ಕೊಡಬೇಕಿತ್ತು. ಹೆಸರು, ಊರು, ತಂದೆಯ ಉದ್ಯೋಗ, ಹಿಂದಿನ ಪರೀಕ್ಷೆಯ ಅಂಕ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಪ್ರಶ್ನೆ: ‘ನಿಮಗೆ ಯಾವುದಾದರೂ ಸಮಸ್ಯೆ ಇದೆಯೇ?’ ನನ್ನ ಪಾಲಿಗೆ ಬಂದ 20 ಜನರೂ ‘ಇಲ್ಲ’ ಎಂದು ಬರೆದರು. ನಾನು 20 ಸಲ ರುಜು ಹಾಕಿದೆ. ಅರ್ಧ ಗಂಟೆಯ ಕೆಲಸ.

ಎರಡು ತಿಂಗಳ ನಂತರ ಅವರಲ್ಲಿ ಒಬ್ಬ ಹುಡುಗಿ ತರಗತಿಯಲ್ಲಿ ಕಾಣಲಿಲ್ಲ. ಹುಷಾರಿಲ್ಲವೇನೋ ಅಂದುಕೊಂಡೆ. ಮೂರನೆಯ ವಾರ ಅವಳ ಗೆಳತಿಯನ್ನು ಕೇಳಿದೆ. ಹಾಸ್ಟೆಲಿನ ಊಟದ ಬಿಲ್ಲು ಬಾಕಿ ಇತ್ತಂತೆ. ವಿದ್ಯಾರ್ಥಿವೇತನದ ಹಣ ಇನ್ನೂ ಬಂದಿರಲಿಲ್ಲ. ಬಾಕಿದಾರರ ಹೆಸರನ್ನೂ ಮೊತ್ತವನ್ನೂ ಊಟದ ಮನೆಯ ಬಾಗಿಲಿಗೆ ಅಂಟಿಸಿದ್ದರು. ಅವಳದು ನಾಲ್ಕನೆಯ ಹೆಸರು. ಒಂದು ಶನಿವಾರ ಚೀಲ ತೆಗೆದುಕೊಂಡು ಊರಿಗೆ ಹೋದವಳು ಮತ್ತೆ ಬರಲಿಲ್ಲ. ‘ಯಾಕಮ್ಮ, ಯಾರಿಗೂ ಹೇಳಲಿಲ್ಲ?’ ಎಂದೆ. ಗೆಳತಿ ಒಂದು ಕ್ಷಣ ನನ್ನ ಮುಖ ನೋಡಿ, ‘ಯಾರಿಗೆ ಹೇಳೋದು ಸರ್?’ ಅಂದಳು.

ನಾವು ನಿಂತು ಮಾತಾಡುತ್ತಿದ್ದ ಕಾರಿಡಾರಿನ ತುದಿಯಲ್ಲೇ ‘ವಿದ್ಯಾರ್ಥಿ ಕ್ಷೇಮಪಾಲನೆ’ ಎಂಬ ಬೋರ್ಡಿನ ಕೋಣೆಯಿತ್ತು. ಬಡ ವಿದ್ಯಾರ್ಥಿಗಳ ನಿಧಿಯೂ ಇತ್ತು. ಆ ವರ್ಷ ಅದರಲ್ಲಿ ಹಣ ಉಳಿದಿತ್ತು, ಸಾಕಷ್ಟು ಅರ್ಜಿಗಳು ಬಂದಿರಲಿಲ್ಲ ಎಂಬ ಕಾರಣಕ್ಕೆ.

ಸಹಾಯ ಇತ್ತು, ಕೇಳಿದ್ದರೆ ಸಿಗುತ್ತಿತ್ತು, ಅವಳು ಕೇಳಲಿಲ್ಲ. ಹಾಗಿದ್ದರೆ ತಪ್ಪು ಯಾರದು? ನಿಯಮದ ಪ್ರಕಾರ ಯಾರದೂ ಅಲ್ಲ. ನನ್ನ ಬಳಿಯಂತೂ ಅವಳದೇ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದ ಕಾಗದವಿತ್ತು. ಆದರೂ ಆ ರುಜು ನನ್ನನ್ನು ಬಿಟ್ಟಿಲ್ಲ.

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂಬ ಗಾದೆಯನ್ನು ನಾವು ಬುದ್ಧಿಮಾತಿನಂತೆ ಹೇಳುತ್ತೇವೆ. ಅದರೊಳಗೊಂದು ಕ್ರೌರ್ಯವೂ ಇದೆ. ಬಾಯಿಲ್ಲದವರ ಗತಿ ಏನು ಎಂದು ಗಾದೆ ಹೇಳುವುದಿಲ್ಲ. ಕೇಳುವುದು ಹುಟ್ಟಿನಿಂದ ಬರುವ ಗುಣವಲ್ಲ, ಮನೆಯಲ್ಲಿ ಕಲಿಯುವ ವಿದ್ಯೆ. ಅಪ್ಪ ಬ್ಯಾಂಕಿಗೆ, ಕಚೇರಿಗೆ ಹೋಗಿ ಎದುರಿನವರ ಜೊತೆ ಸಮಸಮನಾಗಿ ಮಾತಾಡುವುದನ್ನು ನೋಡಿ ಬೆಳೆದ ಮಗು ಯಾವ ಮೇಜಿನ ಮುಂದೆ ಬೇಕಾದರೂ ನಿಂತು ಕೇಳುತ್ತದೆ. ಕಚೇರಿ ಎಂದರೆ ಕೈಕಟ್ಟಿ ಬಾಗಿಲಾಚೆ ಕಾಯುವ ಜಾಗ ಎಂದು ನೋಡಿ ಬೆಳೆದ ಮಗು ಬೋರ್ಡು ಓದಿ ಮುಂದೆ ಹೋಗುತ್ತದೆ. ಹೀಗಾಗಿ ‘ಕೇಳಿದವರಿಗೆ ಕೊಡುತ್ತೇವೆ’ ಎನ್ನುವ ವ್ಯವಸ್ಥೆ, ತನಗೆ ಗೊತ್ತಿಲ್ಲದೆಯೇ, ಸ್ವಲ್ಪ ಇದ್ದವರಿಗೇ ಇನ್ನೂ ಸ್ವಲ್ಪ ಕೊಡುತ್ತದೆ.

ನಮ್ಮಲ್ಲಿ ಓದುವ ಬಡವರಿಗೆ ನೆರವಾಗುವ ಕ್ರಮ ಹೊಸದಲ್ಲ. ಹಿಂದಿನ ತಲೆಮಾರಿನವರ ಎಷ್ಟೋ ಆತ್ಮಕಥೆಗಳಲ್ಲಿ ವಾರಾನ್ನದ ಮಾತು ಬರುತ್ತದೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಅನ್ನ ಎಷ್ಟೋ ಜನರನ್ನು ಪದವೀಧರರನ್ನಾಗಿ ಮಾಡಿತು, ನಿಜ. ಆದರೆ ಆ ಹೊಸ್ತಿಲುಗಳನ್ನು ದಾಟಬಲ್ಲ ಜಾತಿಯಲ್ಲಿ ಹುಟ್ಟಿರಬೇಕಿತ್ತು. ದಾಟಿದವನಿಗೂ ಯಾವ ಮನೆಯಲ್ಲಿ ಪ್ರೀತಿಯಿಂದ ಬಡಿಸುತ್ತಾರೆ, ಯಾವ ಮನೆಯಲ್ಲಿ ಪಾತ್ರೆಯ ಸದ್ದು ಜೋರಾಗುತ್ತದೆ ಎಂಬುದು ಗೊತ್ತಿರುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗಾಗಿ ಹಾಸ್ಟೆಲು ಕಟ್ಟಿತು. ಮುಂದೆ ಸರ್ಕಾರವೇ ಹಾಸ್ಟೆಲು ತೆರೆಯಿತು. 1970ರ ದಶಕದಲ್ಲಿ, ದೇವರಾಜ ಅರಸರ ಕಾಲದಲ್ಲಿ, ಹಿಂದುಳಿದ ವರ್ಗಗಳ ಮಕ್ಕಳಿಗೆ ಆ ಬಾಗಿಲು ಇನ್ನಷ್ಟು ಅಗಲವಾಯಿತು. ವಾರಾನ್ನ ಉಪಕಾರವಾಗಿತ್ತು, ಹಾಸ್ಟೆಲು ಹಕ್ಕಾಯಿತು. ಇದು ಸಣ್ಣ ಬದಲಾವಣೆಯಲ್ಲ. ಹಕ್ಕಿಗೆ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ.

ಆದರೆ ಹಕ್ಕಿಗೂ ಅರ್ಜಿ ಬೇಕು. ಅರ್ಜಿಗೆ ಜಾತಿ ಪತ್ರ, ಆದಾಯ ಪತ್ರ, ಬ್ಯಾಂಕ್ ಖಾತೆ, ಆಧಾರ್, ಕೊನೆಯ ದಿನಾಂಕ. ಬಾಗಿಸಬೇಕಿಲ್ಲದ ತಲೆ ಕೌಂಟರಿನ ಕಿಂಡಿಯ ಮುಂದೆ ಮತ್ತೆ ಬಾಗುತ್ತದೆ.

ಓದುವ ಅವಕಾಶ ಬೇರೆ, ಓದುವವನಿಗೆ ಜಾಗ ಬೇರೆ ಎಂಬುದಕ್ಕೆ ಅಂಬೇಡ್ಕರರ ಬದುಕಿಗಿಂತ ದೊಡ್ಡ ಸಾಕ್ಷಿ ಬೇಡ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಓದಿದ ಮೇಲೆ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿನಂತೆ 1917ರಲ್ಲಿ ಬರೋಡಾಕ್ಕೆ ಬಂದಾಗ ಆ ಊರಿನಲ್ಲಿ ಅವರಿಗೆ ತಂಗಲು ಒಂದು ಕೋಣೆ ಸಿಗಲಿಲ್ಲ. ಜಾತಿ ಮುಚ್ಚಿಟ್ಟು ಪಾರ್ಸಿಗಳ ವಸತಿಗೃಹದಲ್ಲಿದ್ದರು. ಗೊತ್ತಾದಾಗ ಜನ ದೊಣ್ಣೆ ಹಿಡಿದು ಬಂದು ಹೊರಹಾಕಿದರು. ಸಂಸ್ಥಾನ ಓದು ಕೊಟ್ಟಿತ್ತು, ಕೆಲಸ ಕೊಟ್ಟಿತ್ತು, ಮಲಗಲು ಜಾಗ ಇದೆಯೇ ಎಂದು ಮೊದಲೇ ಯೋಚಿಸಿರಲಿಲ್ಲ. ಸೀಟು ಕೊಟ್ಟಾಯಿತಲ್ಲ, ಇನ್ನೇನು ಎನ್ನುವ ಯಾವ ವಿಶ್ವವಿದ್ಯಾನಿಲಯವೂ ಮಾಡುವುದು ಇದನ್ನೇ, ಇನ್ನೂ ಸಣ್ಣ ಪ್ರಮಾಣದಲ್ಲಿ.

ಇಂದು ಈ ವಿಷಯ ಯಾರಿಗೂ ಗೊತ್ತಿಲ್ಲವೆಂದಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ವರ್ಷಗಳ ಕಾಲ ಬಳಸಿದ ಏಳು ಮಾನದಂಡಗಳಲ್ಲಿ ಐದನೆಯದು ‘ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ’. ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ಒಂದು ರಾಷ್ಟ್ರೀಯ ಕಾರ್ಯಪಡೆಯನ್ನೇ ನೇಮಿಸಿತು. ಮನಸ್ಸು ಕುಸಿದಾಗ ಯಾರು ಬೇಕಾದರೂ ಕರೆ ಮಾಡಬಹುದಾದ 14416 ಸಂಖ್ಯೆಯ ಟೆಲಿ ಮಾನಸ್ ಸೇವೆ 2022ರಿಂದ ಇದೆ. ಇವೆಲ್ಲ ಬೇಕು. ಆದರೆ ಎಷ್ಟು ಜನರಿಗೆ ನೆರವು ಕೊಟ್ಟೆವು ಎಂದು ವರದಿಯಲ್ಲಿ ಬರೆಯಬಹುದು. ಎಷ್ಟು ಜನ ಬಾಗಿಲವರೆಗೆ ಬಂದು ವಾಪಸು ಹೋದರು ಎಂದು ಬರೆಯಲು ಕಾಲಮ್ಮು ಇರುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಒಬ್ಬ ಸಹೋದ್ಯೋಗಿ ಒಪ್ಪಲಿಲ್ಲ. ‘ಅವರೇನು ಮಕ್ಕಳಾ? ಇಪ್ಪತ್ತು ದಾಟಿದವರು. ಕೇಳೋದನ್ನ ಕಲೀಲಿ. ನಾಳೆ ಕೆಲಸಕ್ಕೆ ಹೋದಾಗ ಯಾರು ಬಂದು ವಿಚಾರಿಸ್ತಾರೆ?’ ಎಂದರು. ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರೆ. ಒಬ್ಬರ ಕಷ್ಟವನ್ನು ಅವರಿಗಿಂತ ಮೊದಲು ನಾವೇ ಊಹಿಸಿ ಓಡಿಹೋಗುವುದರಲ್ಲಿ ಅವರನ್ನು ಚಿಕ್ಕವರನ್ನಾಗಿಸುವ ಅಪಾಯವಿದೆ. ನಾನೇ ಆ ತಪ್ಪನ್ನೂ ಮಾಡಿದ್ದೇನೆ. ಆ ಹುಡುಗಿ ಹೋದ ಮೇಲೆ, ಪಾಪಪ್ರಜ್ಞೆಯಲ್ಲಿ, ಸೊರಗಿದಂತೆ ಕಂಡ ಒಬ್ಬ ಹುಡುಗನನ್ನು ತರಗತಿ ಮುಗಿದ ಕೂಡಲೇ ತಡೆದು, ‘ಊಟಕ್ಕೇನಾದರೂ ತೊಂದರೆ ಇದೆಯೇನಪ್ಪ?’ ಎಂದು ಕೇಳಿದೆ. ನಾಲ್ಕು ಜನ ಹಿಂದೆಯೇ ನಿಂತಿದ್ದರು. ಅವನ ಕಿವಿ ಕೆಂಪಾಯಿತು. ‘ಏನಿಲ್ಲ ಸರ್’ ಎಂದು ಹೋದವನು ಸೆಮಿಸ್ಟರು ಮುಗಿಯುವವರೆಗೂ ಕೊನೆಯ ಬೆಂಚು ಬಿಟ್ಟು ಈಚೆ ಬರಲಿಲ್ಲ.

ಕೇಳಬೇಕಾದರೆ ನೋವು, ಕೇಳದೆ ಗುರುತಿಸಿದರೂ ನೋವು. ಇದರ ನಡುವೆ ದಾರಿ ಇದೆಯೇ?

12ನೇ ಶತಮಾನದ ಶರಣರು ಬಳಸಿದ ದಾಸೋಹ ಎಂಬ ಮಾತು ನನಗೆ ಇಲ್ಲಿ ನೆನಪಾಗುತ್ತದೆ. ಈಗ ಅದನ್ನು ಅನ್ನದಾನ ಎಂಬ ಅರ್ಥದಲ್ಲಷ್ಟೇ ಬಳಸುತ್ತೇವೆ. ಪದ ಹೇಳುವುದು ಬೇರೆಯನ್ನೇ: ನಾನು ದಾಸ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ವಿನಯ ಕೊಡುವವನ ಜವಾಬ್ದಾರಿ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಉಣ್ಣುವಾಗ, ಪಕ್ಕದಲ್ಲಿ ಕೂತವನು ಎಷ್ಟು ಬಡವ ಎಂದು ಎಲೆ ನೋಡಿ ಹೇಳಲಾಗುವುದಿಲ್ಲ. ಬಡಿಸುವವನೇ ಸಾಲಿನುದ್ದಕ್ಕೂ ಬಗ್ಗಿ ಬರುತ್ತಾನೆ. ಉಣ್ಣುವವನು ಏಳಬೇಕಿಲ್ಲ.

ಗ್ರಂಥಾಲಯದ ಮೆಟ್ಟಿಲ ಪಕ್ಕದ ಇಳಿಜಾರು ದಾರಿಯೂ ಹೀಗೆಯೇ. ಅದು ಯಾರಿಂದಲೂ ಅರ್ಜಿ ಕೇಳುವುದಿಲ್ಲ. ಗಾಲಿಕುರ್ಚಿಯವರು ಹೋಗುತ್ತಾರೆ, ಕಾಲು ಉಳುಕಿದವರು ಹೋಗುತ್ತಾರೆ, ಪುಸ್ತಕದ ಗಾಡಿ ತಳ್ಳುವ ಅಟೆಂಡರ್ ಹೋಗುತ್ತಾನೆ. ವಿದ್ಯಾರ್ಥಿವೇತನ ಬರುವವರೆಗೆ ಯಾರ ಬಿಲ್ಲನ್ನೂ ಬಾಕಿ ಎಂದು ಕರೆಯುವುದಿಲ್ಲ ಎಂದು ಹಾಸ್ಟೆಲು ನಿರ್ಧರಿಸಿದರೆ ಅದೊಂದು ಇಳಿಜಾರು. ಮೊದಲ ವಾರದಲ್ಲೇ ಎಲ್ಲರನ್ನೂ, ಉಳ್ಳವರನ್ನೂ ಸೇರಿಸಿ, ಆ ಕೋಣೆಯೊಳಗೆ ಕರೆದುಕೊಂಡು ಹೋಗಿ ಅರ್ಜಿ ತುಂಬುವುದನ್ನು ಕಲಿಸಿದರೆ ಅದೂ ಇಳಿಜಾರು. ಸಹೋದ್ಯೋಗಿಯ ಮಾತಿಗೂ ಅದರಲ್ಲಿ ಉತ್ತರವಿದೆ: ಕೇಳುವುದನ್ನು ಕಲಿಯಲಿ ಎಂದರೆ ಕಲಿಸಬೇಕಾದವರು ನಾವೇ ಅಲ್ಲವೇ? ಎಲ್ಲ ನೆರವನ್ನೂ ಹೀಗೆ ಕೊಡಲಾಗುವುದಿಲ್ಲ. ಪರೀಕ್ಷೆಗೆ ಲಿಪಿಕಾರರು ಬೇಕಾದವರು, ಮನಸ್ಸು ಕುಸಿದವರು ಒಮ್ಮೆಯಾದರೂ ಬಾಯಿ ಬಿಡಲೇಬೇಕು. ಆದರೆ ಒಂದು ಸಲ ಹೇಳಿದ್ದನ್ನು ಐದು ಮೇಜುಗಳ ಮುಂದೆ ಹೇಳಿಸದಿರುವುದು ನಮ್ಮ ಕೈಯಲ್ಲಿದೆ.

ಮರುವರ್ಷದ ನಮೂನೆಯಲ್ಲಿ ನಾನು ಕೊನೆಯ ಪ್ರಶ್ನೆ ಹೊಡೆದುಹಾಕಿ ಬೇರೆ ನಾಲ್ಕು ಬರೆದೆ. ಬೆಳಿಗ್ಗೆ ಎಷ್ಟು ಗಂಟೆಯ ಬಸ್ಸು? ತಿಂಡಿ ಎಲ್ಲಿ? ವಿದ್ಯಾರ್ಥಿವೇತನದ ಹಣ ಬಂತೇ? ಯಾವ ಪಾಠ ಇಂಗ್ಲಿಷಿನಲ್ಲಿ ಅರ್ಥವಾಗಲಿಲ್ಲ? ಇವಕ್ಕೆ ‘ಇಲ್ಲ’ ಎಂದು ಬರೆದು ಮುಗಿಸಲಾಗುವುದಿಲ್ಲ. ಏಳು ಜನರ ಹಣ ಬಂದಿರಲಿಲ್ಲ. ಕಚೇರಿಯವರು, ‘ಇದು ಅನುಮೋದಿತ ನಮೂನೆ ಅಲ್ಲ ಸರ್’ ಎಂದು ವಾಪಸು ಕಳಿಸಿದರು. ಹಳೆಯದನ್ನೂ ತುಂಬಿಸಿ ಕೊಟ್ಟೆ. ಅದರಲ್ಲಿ ಆ ಏಳು ಜನರೂ ‘ಇಲ್ಲ’ ಎಂದೇ ಬರೆದಿದ್ದರು.

ಆ ಹುಡುಗಿಯ ಊರಿನ ವಿಳಾಸ ಅವಳ ನಮೂನೆಯಲ್ಲಿತ್ತು. ಒಂದು ಪತ್ರ ಬರೆದೆ, ನಿಧಿಯಿಂದ ಬಿಲ್ಲು ಕಟ್ಟಬಹುದು, ಬಾ ಎಂದು. ಆ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ಉತ್ತರ ಬರಲಿಲ್ಲ.