ನೆರಳಿನ ಪಾಲು

ಕಂಡುದನ್ನು ಕಂಡಂತೆ ಹೇಳುವುದೇ ಸತ್ಯವೆಂದು ಲೋಕರೂಢಿ. ಹಾಗೆ ಹೇಳಬಲ್ಲ ಸಾಕ್ಷಿಗಳಲ್ಲಿ ಛಾಯಾಚಿತ್ರಕ್ಕೆ ಅಗ್ರಸ್ಥಾನವನ್ನು ಕೊಡುವವರು ಬಹುಮಂದಿ. ಯಂತ್ರಕ್ಕೆ ರಾಗದ್ವೇಷಗಳಿಲ್ಲ, ಆದುದರಿಂದ ಅದು ಸುಳ್ಳಾಡಲಾರದೆಂಬುದು ಅವರ ವಾದ. ಆದರೆ ಕಪ್ಪು ಬಿಳುಪಿನ ಚಿತ್ರವೊಂದು ಹುಟ್ಟುವ ಬಗೆಯನ್ನು ವಿಚಾರಿಸಿ ನೋಡಿದರೆ ಈ ವಾದವು ನಿಲ್ಲುವುದಿಲ್ಲ. ನಾನಾ ವರ್ಣಗಳ ಲೋಕವನ್ನು ಬೂದುಬಣ್ಣದ ಕೆಲವು ಮೆಟ್ಟಿಲುಗಳಿಗೆ ಇಳಿಸುವಾಗ, ಯಾವ ವರ್ಣಕ್ಕೆ ಯಾವ ಮೆಟ್ಟಿಲೆಂಬುದನ್ನು ಯಾರಾದರೊಬ್ಬರು ನಿಶ್ಚಯಿಸಲೇಬೇಕು. ನಿಶ್ಚಯವಿರುವಲ್ಲಿ ಧರ್ಮಾಧರ್ಮಗಳ ಪ್ರಶ್ನೆಯೂ ಇರುವುದು.

ಹಳೆಯ ಮನೆಗಳ ಗೋಡೆಯ ಮೇಲಿನ ಅಜ್ಜಿಯರ ಪಟಗಳನ್ನು ವಾಚಕರು ನೋಡಿರಬಹುದು. ಅವುಗಳಲ್ಲಿ ಹಣೆಯ ಕುಂಕುಮವು ಕಾಡಿಗೆಯ ಬೊಟ್ಟಿನಂತೆ ಕಪ್ಪಾಗಿರುವುದುಂಟು. ಮೊದಮೊದಲಿನ ಗಾಜಿನ ಫಲಕಗಳು ಹೆಚ್ಚಾಗಿ ನೀಲಿಯ ಬೆಳಕನ್ನೇ ಗ್ರಹಿಸುತ್ತಿದ್ದುವು. ಅರಿಸಿನವೂ ಅವಕ್ಕೆ ಕಪ್ಪೇ. ಅನಂತರದ ಆರ್ಥೋಕ್ರೊಮ್ಯಾಟಿಕ್ ಬಗೆಯು ಹಸುರು ಹಳದಿಗಳನ್ನು ಕಂಡಿತಾದರೂ ಕೆಂಪಿಗೆ ಕುರುಡಾಗಿಯೇ ಉಳಿಯಿತು. ಕಂದುಮೈಯವರು ಅದರಲ್ಲಿ ಇದ್ದುದಕ್ಕಿಂತ ಕಪ್ಪಾಗಿ ಮೂಡಿದುದು ಇದೇ ಕಾರಣದಿಂದ. ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಬಂದ ಮೇಲೆಯೇ ಕೆಂಪಿಗೆ ಅದರ ಸ್ಥಾನ ದೊರೆಯಿತು. ಈ ಮೂರರಲ್ಲಿ ಯಾವುದೂ ಬೇಕೆಂದು ಸುಳ್ಳಾಡಲಿಲ್ಲ. ತನಗೆ ಕಂಡಷ್ಟನ್ನೇ ಹೇಳಿತು.

ಇನ್ನು ಡೆವಲಪರಿನ ವಿಚಾರ. ಫಿಲ್ಮಿನ ಮೇಲೆ ಬೆಳಕು ಬಿದ್ದೊಡನೆ ಕಣ್ಣಿಗೆ ಏನೂ ಕಾಣದು. ನೈಯಾಯಿಕರು ಹೇಳುವ ಸಂಸ್ಕಾರದಂತೆ, ಚಿತ್ರವು ಬೆಳ್ಳಿಯ ಲವಣದ ಕಣಗಳಲ್ಲಿ ಅಡಗಿರುವುದು. ಸಂಸ್ಕಾರವನ್ನೆಚ್ಚರಿಸಿ ಸ್ಮೃತಿಯನ್ನು ಹುಟ್ಟಿಸಲು ಉದ್ಬೋಧಕವೊಂದು ಬೇಕಷ್ಟೆ. ಇಲ್ಲಿ ಆ ಕೆಲಸವನ್ನು ಮಾಡುವ ದ್ರಾವಣವೇ ಡೆವಲಪರು. ಎಲ್ಲ ಉದ್ಬೋಧಕಗಳೂ ಒಂದೇ ಗುಣದವಲ್ಲ. ಕೋಡಕ್ ಕಂಪನಿಯ ಡಿ-76 ಎಂಬುದರಲ್ಲಿ ಲೀಟರಿಗೆ ಮೆಟಾಲ್ 2 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ ಇರುವುವು. ಸಲ್ಫೈಟಿನ ಆಧಿಕ್ಯದಿಂದ ಬೆಳ್ಳಿಯ ಕಣಗಳ ಅಂಚು ತುಸು ಕರಗಿ ಚಿತ್ರವು ನುಣುಪಾಗುವುದು. 1891ರಲ್ಲಿ ಜರ್ಮನಿಯಲ್ಲಿ ಹೊರಬಂದ ರೋಡಿನಾಲನ್ನು 50 ಪಾಲು ನೀರಿಗೆ ಬೆರಸಿ ಬಳಸಿದರೆ ಕಣಗಳು ಎದ್ದು ಕಾಣುವುವು, ಅಂಚುಗಳು ಹರಿತವಾಗುವುವು. ಆದುದರಿಂದ ಕಣವು ದಪ್ಪವಾಗಿರುವ ವೇಗದ ಫಿಲ್ಮಿಗೆ ಮೊದಲನೆಯದನ್ನೂ, ಕಣವು ಸಣ್ಣದಾಗಿರುವ ನಿಧಾನದ ಫಿಲ್ಮಿಗೆ ಎರಡನೆಯದನ್ನೂ ಜೊತೆಗೂಡಿಸುವ ವಾಡಿಕೆಯುಂಟು. ಔಚಿತ್ಯವೇ ಕಾವ್ಯದ ಜೀವವೆಂದ ಕ್ಷೇಮೇಂದ್ರನ ಮತವು ಇಲ್ಲಿಗೂ ಸಲ್ಲುವುದು.

ಔಚಿತ್ಯವು ಬರಿಯ ಅಂದದ ಮಾತಾಗಿದ್ದರೆ ವಿಚಾರವು ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಚಾಮರಾಜನಗರದ ಸಮೀಪದ ಬದನಗುಪ್ಪೆಯ ಬಯಲನ್ನು ಭಾವಿಸಿಕೊಳ್ಳಿರಿ. ಬೇಸಗೆಯ ನಡುಹಗಲು, ಬಿಳಿಯ ಪಂಚೆಯುಟ್ಟು ಬಿಳಿಯ ರುಮಾಲು ಸುತ್ತಿದ ರೈತನು ಹೊಲದ ಬದುವಿನ ಮೇಲೆ ನಿಂತಿರುವನು. ಮುಖವು ಎಣ್ಣೆಗಪ್ಪು, ಅದರ ಮೇಲೆ ರುಮಾಲಿನ ನೆರಳು ಬೇರೆ. ಬಟ್ಟೆಯ ಬಿಳುಪನ್ನು ಉಳಿಸಲೆಂದು ಬೆಳಕನ್ನು ಕಡಮೆ ಕೊಟ್ಟರೆ ಕಣ್ಣು, ಕೆನ್ನೆ, ಹಣೆಯ ಗೆರೆಗಳೆಲ್ಲವೂ ಒಂದೇ ಕಪ್ಪಿನಲ್ಲಿ ಮುಳುಗುವುವು. ಪಂಚೆಯ ನಿರಿಗೆ ಉಳಿಯಿತು, ಉಟ್ಟವನು ಅಳಿದನು.

ನೆರಳಿನ ವಿವರಗಳು ಬೆಳಕು ಕೊಟ್ಟ ಕ್ಷಣದಲ್ಲಿಯೇ ನಿರ್ಧಾರವಾಗುವುವು. ಆಗ ದೊರೆಯದುದನ್ನು ಆಮೇಲೆ ಯಾವ ದ್ರಾವಣವೂ ತಂದುಕೊಡಲಾರದು. ಸಂಸ್ಕಾರವೇ ಇಲ್ಲದೆಡೆ ಉದ್ಬೋಧಕವು ಏನನ್ನು ಎಬ್ಬಿಸೀತು? ಬೆಳಗಿದ ಭಾಗದ ಸ್ಥಿತಿ ಹಾಗಲ್ಲ. ದ್ರಾವಣದಲ್ಲಿಡುವ ಕಾಲವನ್ನು ಕುಗ್ಗಿಸಿ ಅದನ್ನು ಹದದಲ್ಲಿ ನಿಲ್ಲಿಸಬಹುದು. ದ್ರಾವಣವನ್ನು ತೆಳುವಾಗಿಸಿ ಅಲುಗಿಸುವುದನ್ನು ಮಿತಗೊಳಿಸಿದರೆ, ಬೆಳಕು ಹೆಚ್ಚಿದ್ದೆಡೆ ಅದರ ಶಕ್ತಿಯು ಬೇಗನೆ ವ್ಯಯವಾಗಿ ಕೆಲಸವು ಕುಂಠಿತವಾಗುವುದು. ನೆರಳಿನಲ್ಲಿ ಮೆಲ್ಲನೆ ಸಾಗುತ್ತಿರುವುದು. ನೆರಳಿಗೆ ಬೇಕಾದುದನ್ನು ಮೊದಲು ಕೊಟ್ಟು, ಬೆಳಕನ್ನು ಆಮೇಲೆ ಹಿಡಿತಕ್ಕೆ ತರಬೇಕೆಂದು ಈ ಕಸುಬಿನವರು ಹೇಳುವುದು ಇದರಿಂದಲೇ. ಇದು ಕಸುಬಿನ ನಿಯಮ ಮಾತ್ರವಲ್ಲ, ನೀತಿಯೂ ಹೌದು. ಬಲವುಳ್ಳವನಿಗೆ ತಡವಾದರೂ ಸಲ್ಲುವುದು. ಬಲಹೀನನಿಗೆ ಸಕಾಲದಲ್ಲಿ ಸಲ್ಲದಿದ್ದರೆ ಎಂದಿಗೂ ಸಲ್ಲದು. ಇಬ್ಬರಿಗೂ ಒಂದೇ ಅಳತೆಯೆಂಬುದು ಸಮದೃಷ್ಟಿಯಂತೆ ತೋರಿದರೂ ಸಮದೃಷ್ಟಿಯಲ್ಲ.

ಜನರೇ ಬೆಳ್ಳಗಿನ ಮುಖವನ್ನು ಬೇಡುವರಲ್ಲ, ಕೊಟ್ಟರೆ ತಪ್ಪೇನೆಂದು ಕೇಳಬಹುದು. ನೆಗೆಟಿವಿನ ಮೇಲೆ ಸೀಸದ ಕಡ್ಡಿಯಾಡಿಸಿ ಮುಖವನ್ನು ತಿದ್ದುವುದು ಸ್ಟುಡಿಯೋಗಳಲ್ಲಿ ವಾಡಿಕೆಯಾಗಿತ್ತು. ವರಾನ್ವೇಷಣೆಗೆಂದು ತೆಗೆಸಿದ ಪಟವನ್ನು ಹೀಗೆ ಬಿಳುಪಾಗಿಸಿದಾಗ, ಹೆಣ್ಣು ನೋಡಲು ಬಂದವರೆದುರಿಗೆ ಆ ಕನ್ಯೆಯು ತನ್ನ ಪಟದೆದುರು ತಾನೇ ಸೋತು ನಿಲ್ಲಬೇಕಾಗುವುದು. ಇದು ಉಪಕಾರವಲ್ಲ. ಕಪ್ಪನ್ನು ಬಿಳುಪಾಗಿಸುವುದು ಬೇರೆ, ಕಪ್ಪಿನೊಳಗಿರುವುದನ್ನು ಕಾಣಿಸುವುದು ಬೇರೆ. ಮೊದಲನೆಯದು ಮುಖವನ್ನು ಅಳಿಸುವುದು, ಎರಡನೆಯದು ಉಳಿಸುವುದು.

ಕಪ್ಪು ಹೀನವಲ್ಲವೆಂಬುದನ್ನು ಲೋಕಕ್ಕೆ ತೋರಿದವರು ಕನ್ನಡನಾಡಿನಲ್ಲಿಯೇ ಇದ್ದರು. 1923ರಲ್ಲಿ ಮೈಸೂರಿನಲ್ಲಿ ಜನಿಸಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಲಚ್ಚಿತ್ರದಲ್ಲಿ, ಕನ್ನಡಿಗಳಿಂದ ಬಿಸಿಲನ್ನು ಒಳಗೆ ತಂದು, ಕತ್ತಲೆ ಕವಿದ ವಿಶಾಲವಾದ ಸ್ಟುಡಿಯೋದಲ್ಲಿ ಒಂದೇ ಬೆಳಕಿನ ಕಂಬವನ್ನು ನಿಲ್ಲಿಸಿದರು. ಅಲ್ಲಿ ಕತ್ತಲೆಯು ಬೆಳಕಿನ ಅಭಾವವಾಗಿ ಕಾಣದೆ, ತಾನೂ ಒಂದು ಪಾತ್ರವಾಗಿರುವುದು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಅವರಿಗೆ ಸಂದಿತು.

ಬದನಗುಪ್ಪೆಯಿಂದ ಗುಂಡ್ಲುಪೇಟೆ ಬಂಡೀಪುರಗಳನ್ನು ಹಾದು ಹೋದರೆ ಉದಕಮಂಡಲ ಸಿಕ್ಕುವುದು. ಅಲ್ಲಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ 'ಇಂದು' ಎಂಬ ಹೆಸರಿನ ಫಿಲ್ಮು ತಯಾರಾಗುತ್ತಿತ್ತು. ಈಗ ಅದು ಮುಚ್ಚಿಹೋಗಿದೆ. ಕೈಯೊಳಗಿನ ಮೊಬೈಲೇ ಚಿತ್ರ ತೆಗೆಯುವ ಇಂದಿನ ಕಾಲದಲ್ಲಿ ಬೂದಿಯ ಮೆಟ್ಟಿಲುಗಳನ್ನೂ ಮುಖದ ನುಣುಪನ್ನೂ ಬಹುಮಟ್ಟಿಗೆ ದೂರದ ತಯಾರಕನು ಮೊದಲೇ ಗೊತ್ತುಮಾಡಿರುವನು. ನಿಶ್ಚಯವು ಇಲ್ಲವಾಗಿಲ್ಲ, ಮರೆಯಾಗಿದೆ ಅಷ್ಟೆ. ಮದುವೆಯ ಗುಂಪಿನ ಪಟವನ್ನು ಕೈಗೆತ್ತಿಕೊಂಡವರು ನಡುವಿನ ಜರತಾರಿಯನ್ನು ನೋಡುವ ಮೊದಲು, ಹಿಂದಿನ ಸಾಲಿನಲ್ಲಿ ಮರದ ನೆರಳಿಗೆ ನಿಂತ ಆಳುಮಕ್ಕಳ ಕಣ್ಣುಗಳು ಕಾಣುವುವೋ ಎಂದು ನೋಡಲಿ. ಕಂಡರೆ ಆ ಚಿತ್ರವು ಸತ್ಯವನ್ನು ಹೇಳಿದೆ.